ಬಿಇ ಆದ ಮೇಲೆ: ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ

ಇಂಜಿನಿಯರಿಂಗ್ ಮೂರನೇ ವರ್ಷ ದಾಟಿದ ಮಕ್ಕಳಿರುವ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಒಂದೇ ಮಾತು. ನೌಕರಿನೋ, ಮುಂದೆ ಓದೋದೋ? ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಉತ್ತರ ಹೇಳುವವರಿಗೇನೂ ಬರವಿಲ್ಲ. "ಎಂ.ಟೆಕ್ ಮಾಡಿ ಏನ್ ಮಾಡ್ತಿ, ಸುಮ್ನ ಬೆಂಗಳೂರು ಗಾಡಿ ಹತ್ತು" ಅಂತಾನೆ ಸೀನಿಯರ್. "ಕೈಯಾಗ ಆಫರ್ ಐತಿ ಅಂದ್ರ ಬಿಡಬ್ಯಾಡ ತಮ್ಮಾ" ಅಂತಾರೆ ಕಾಕಾ. "ಎಂಎಸ್ ಮಾಡ್ಕೊಂಡ್ರೆ ಲೈಫ್ ಸೆಟ್ಲ್" ಅಂತಾರೆ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿಯವರು. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರ ತಲೆಯಲ್ಲಿ ಒಬ್ಬೊಬ್ಬ ಹುಡುಗ ಇದ್ದಾನೆ, ಅಷ್ಟೆ.

ಎರಡರಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದರೆ ಈ ಚರ್ಚೆ ಮುಗಿಯುವುದಿಲ್ಲ. ಕೇಳಬೇಕಾದ್ದು ಬೇರೆ. ನನಗೆ ಬೇಕಾದ ಕೆಲಸ ನಿಜವಾಗಿ ಆ ಡಿಗ್ರಿಯನ್ನು ಕೇಳುತ್ತದೆಯಾ? ಈಗ ಕೈಯಲ್ಲಿರುವ ಎರಡು ದಾರಿಗಳಲ್ಲಿ ಯಾವುದು ಎರಡು ವರ್ಷ ಬಿಟ್ಟು ಬಂದರೂ ತೆರೆದಿರುತ್ತದೆ, ಯಾವುದು ಮುಚ್ಚಿರುತ್ತದೆ? ಹೆಚ್ಚಿನವರು ಮೊದಲನೆಯದನ್ನು ಅರ್ಧ ಕೇಳುತ್ತಾರೆ. ಎರಡನೆಯದನ್ನು ಕೇಳುವುದೇ ಇಲ್ಲ.

ಡಿಗ್ರಿ ಕೇಳುವ ಕೆಲಸ, ಕೇಳದ ಕೆಲಸ

ಮೊದಲು ಕೇಳದವನ್ನು ನೋಡೋಣ. ಸಾಫ್ಟ್‌ವೇರ್ ಸರ್ವಿಸ್ ಕಂಪನಿಗಳಿಗೆ ಬಿಇ ಸಾಕು. ಎಂ.ಟೆಕ್ ಆದವರಿಗೆ ಶುರುವಿನ ಸಂಬಳ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಅಷ್ಟರಲ್ಲಿ ಬಿಇ ಮುಗಿಸಿ ಸೇರಿದವನು ಎರಡು ವರ್ಷ ಅನುಭವ ಇಟ್ಟುಕೊಂಡು ಕಂಪನಿ ಬದಲಿಸಲು ಶುರು ಮಾಡಿರುತ್ತಾನೆ. ಲೋಕೋಪಯೋಗಿ ಇಲಾಖೆಯ ಎಇ (ಅಸಿಸ್ಟೆಂಟ್ ಇಂಜಿನಿಯರ್) ಹುದ್ದೆಗೆ ಬೇಕಾದ್ದು ಸಿವಿಲ್ ಬಿಇ. ಕರೆಂಟು ಪೂರೈಸುವ ಹೆಸ್ಕಾಂ ಕಚೇರಿ ನಮ್ಮ ಹುಬ್ಬಳ್ಳಿಯ ನವನಗರದಲ್ಲೇ ಇದೆ, ಅಲ್ಲಿಯ ಎಇಗೂ ಬಿಇ ಸಾಕು. "ಇಸ್ರೋಗೆ ಹೋಗಬೇಕು, ಅದಕ್ಕೇ ಎಂ.ಟೆಕ್ ಮಾಡ್ತೀನಿ" ಅನ್ನುವ ಮಕ್ಕಳು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಆದರೆ ಇಸ್ರೋದ ಸೈಂಟಿಸ್ಟ್/ಇಂಜಿನಿಯರ್ 'ಎಸ್‌ಸಿ' ಹುದ್ದೆಗೆ ಬಿಇಯಲ್ಲಿ ಶೇ 65 ಅಂಕ ಇದ್ದರೆ ಅರ್ಜಿ ಹಾಕಬಹುದು. ಡಿಆರ್‌ಡಿಒದ ಸೈಂಟಿಸ್ಟ್ 'ಬಿ' ಹುದ್ದೆಗೂ ಫಸ್ಟ್ ಕ್ಲಾಸ್ ಬಿಇ ಮತ್ತು ಗೇಟ್ (ಎಂ.ಟೆಕ್ ಪ್ರವೇಶಕ್ಕೆ ದೇಶಮಟ್ಟದಲ್ಲಿ ನಡೆಯುವ ಪರೀಕ್ಷೆ) ಸ್ಕೋರ್ ಸಾಕು. ಎನ್‌ಟಿಪಿಸಿ, ಪವರ್ ಗ್ರಿಡ್‌ನಂಥ ಸರ್ಕಾರಿ ಕಂಪನಿಗಳು ಇಂಜಿನಿಯರ್ ಟ್ರೈನಿಗಳನ್ನು ಗೇಟ್ ಮೂಲಕ ತೆಗೆದುಕೊಳ್ಳುವಾಗ ನೋಡುವುದೂ ಬಿಇಯನ್ನೇ. ಇಂಥ ಕೆಲಸ ಬೇಕಿದ್ದವರು ಪರೀಕ್ಷೆಗೆ ಓದಬೇಕು. ಇನ್ನೊಂದು ಡಿಗ್ರಿ ತಂದುಕೊಂಡು ಅಲ್ಲಿ ಏನೂ ಆಗಬೇಕಾಗಿಲ್ಲ.

ಇನ್ನು ಕೇಳುವ ಕೆಲಸ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು ಅಂದರೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದ ಪ್ರಕಾರ ಎಂ.ಟೆಕ್ ಬೇಕೇ ಬೇಕು, ಬಿಇ ಅಥವಾ ಎಂ.ಟೆಕ್ ಯಾವುದಾದರೂ ಒಂದರಲ್ಲಿ ಫಸ್ಟ್ ಕ್ಲಾಸ್ ಇರಬೇಕು. ಮೇಲಿನ ಹುದ್ದೆಗೆ ಏರಲು ಪಿಎಚ್‌ಡಿ. ಚಿಪ್ ಡಿಸೈನ್‌ನಲ್ಲಿ ಬೆಂಗಳೂರಿನ ಕಂಪನಿಗಳು ವಿಎಲ್‌ಎಸ್‌ಐ ಎಂ.ಟೆಕ್ ಮಾಡಿದವರನ್ನು ಹುಡುಕಿಕೊಂಡು ಹೋಗುತ್ತವೆ, ಏಕೆಂದರೆ ಬಿಇಯ ಒಂದೆರಡು ಪೇಪರ್‌ನಲ್ಲಿ ಆ ಕೆಲಸ ಬರುವುದಿಲ್ಲ. ದೊಡ್ಡ ಕಟ್ಟಡ, ಸೇತುವೆಗಳ ಲೆಕ್ಕ ಹಾಕುವ ಸ್ಟ್ರಕ್ಚರಲ್ ಡಿಸೈನ್ ಕನ್ಸಲ್ಟೆಂಟ್‌ಗಳು ಸ್ಟ್ರಕ್ಚರ್ಸ್ ಎಂ.ಟೆಕ್ ಇದ್ದರೆ ಒಳಗೆ ಕರೆದು ಕೂರಿಸುತ್ತಾರೆ. ಇಲ್ಲದಿದ್ದರೆ ಬಹಳಷ್ಟು ಸಲ ಸೈಟಿಗೇ ಕಳಿಸುತ್ತಾರೆ. ಸಂಶೋಧನೆಗಂತೂ ಮುಂದೆ ಓದಲೇಬೇಕು.

ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರಿಗೆ ಉತ್ತರ ಬೇರೆ ಆಗಬಹುದು. ಕಂಪ್ಯೂಟರ್ ಸೈನ್ಸ್‌ನ ಹುಡುಗಿಗೆ ಎಂ.ಟೆಕ್ ಮಾಡದೆ ಏನೂ ನಷ್ಟವಾಗದಿರಬಹುದು. ಇಲೆಕ್ಟ್ರಾನಿಕ್ಸ್‌ನ ಅವಳ ಗೆಳತಿಗೆ ಅದೇ ಎಂ.ಟೆಕ್ ಇಲ್ಲದೆ ಬೇಕಾದ ಕೆಲಸದ ಹತ್ತಿರವೂ ಹೋಗಲು ಆಗದಿರಬಹುದು.

ಎರಡನೇ ಕ್ಯಾಂಪಸ್

ಎಂ.ಟೆಕ್‌ನ ಇನ್ನೊಂದು ಲಾಭದ ಬಗ್ಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಎರಡನೇ ಸಲ ಕ್ಯಾಂಪಸ್‌ನಲ್ಲಿ, ಅಂದರೆ ಕಾಲೇಜಿಗೇ ಬಂದು ಕಂಪನಿಗಳು ನಡೆಸುವ ನೇಮಕಾತಿಯಲ್ಲಿ, ಕೂರುವ ಅವಕಾಶ.

ಹಾವೇರಿ, ಗದಗದಂಥ ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಓದಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ದೊಡ್ಡ ಕಂಪನಿಗಳು ಎಲ್ಲ ಊರಿಗೂ ಬರುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಇಸ್ತ್ರಿ ಮಾಡಿದ ಅಂಗಿ ಬ್ಯಾಗಿನಲ್ಲಿ ಮಡಚಿಟ್ಟು, ಹುಬ್ಬಳ್ಳಿಗೋ ಬೆಳಗಾವಿಗೋ ಹಲವು ಕಾಲೇಜಿನವರಿಗೆ ಒಟ್ಟಿಗೇ ನಡೆಯುವ ಪೂಲ್ ಕ್ಯಾಂಪಸ್‌ಗೆ ಹೋಗಿ, ಸಾವಿರಾರು ಮಂದಿಯ ನಡುವೆ ಆಪ್ಟಿಟ್ಯೂಡ್ ಟೆಸ್ಟ್ ಬರೆದು, ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ ತಿಂದು ರಾತ್ರಿ ಮನೆಗೆ ಬರುವುದು ಅವರಿಗೆ ಮಾಮೂಲು. ಹುಡುಗ ಎಷ್ಟೇ ಚುರುಕಾಗಿದ್ದರೂ ಅವನನ್ನು ನೋಡಬೇಕಾದ ಕಂಪನಿಯ ಕಣ್ಣಿಗೆ ಅವನು ಬೀಳುವುದೇ ಇಲ್ಲ. ಅಂಥವನು ಗೇಟ್ ಬರೆದು ಸುರತ್ಕಲ್ ಎನ್‌ಐಟಿಗೋ ಯಾವುದಾದರೂ ಐಐಟಿಗೋ ಹೋದರೆ ಎರಡು ವರ್ಷದ ಮೇಲೆ ಅದೇ ಕಂಪನಿಗಳು ಅವನಿರುವಲ್ಲಿಗೆ ಬರುತ್ತವೆ. ಐಐಟಿ ಈಗ ನಮ್ಮೂರಲ್ಲೂ ಇದೆ. 2016ರಲ್ಲಿ ಧಾರವಾಡದ ವಾಲ್ಮಿ ಸಂಸ್ಥೆಯ ಆವರಣದಲ್ಲಿ ಶುರುವಾಗಿ, 2023ರಲ್ಲಿ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ ಉದ್ಘಾಟನೆಯಾಯಿತು.

ಸುಧಾ ಮೂರ್ತಿಯವರು ಟೆಲ್ಕೊ ಕಂಪನಿಯ ಜಾಹೀರಾತು ನೋಡಿ ಜೆಆರ್‌ಡಿ ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದ ಕಥೆ ಇಲ್ಲಿ ಎಲ್ಲರಿಗೂ ಬಾಯಿಪಾಠ. ಹೆಂಗಸರು ಅರ್ಜಿ ಹಾಕಬೇಕಿಲ್ಲ ಅಂತ ಬರೆದಿದ್ದ ಆ ಜಾಹೀರಾತು ಇದ್ದದ್ದು ಎಲ್ಲಿ? ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ, ಅಂದರೆ ಐಐಎಸ್ಸಿಯ ನೋಟಿಸ್ ಬೋರ್ಡಿನಲ್ಲಿ. ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಬಿಇ ಮುಗಿಸಿ ಅವರು ಅಲ್ಲಿ ಎಂ.ಟೆಕ್‌ಗೆ ಸಮನಾದ ಎಂಇ ಓದುತ್ತಿದ್ದರು. ಕಥೆ ಹೇಳುವವರು ಪೋಸ್ಟ್‌ಕಾರ್ಡ್ ನೆನಪಿಟ್ಟುಕೊಳ್ಳುತ್ತಾರೆ, ಎಂಇ ಮರೆಯುತ್ತಾರೆ.

ಹಾಗಂತ ಎಲ್ಲಿ ಬೇಕಾದರೂ ಎಂ.ಟೆಕ್ ಮಾಡಿದರೆ ಈ ಲಾಭ ಸಿಗುತ್ತದೆ ಅಂದುಕೊಳ್ಳಬೇಡಿ. ನೌಕರಿ ಸಿಗಲಿಲ್ಲ, ಮನೆಯಲ್ಲಿ ಸುಮ್ನೆ ಕೂತರೆ ಜನ ಏನಂತಾರೋ ಅಂತ ರಾಜ್ಯದ ಎಂ.ಟೆಕ್ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು, ಬಿಇ ಮಾಡಿದ ಕಾಲೇಜಿನಲ್ಲೇ ಖಾಲಿ ಉಳಿದ ಸೀಟಿಗೆ ಸೇರುವವರಿದ್ದಾರೆ. ಆ ವಿಭಾಗದ ಎಂ.ಟೆಕ್ ಮಕ್ಕಳಿಗೆಂದೇ ಕಂಪನಿಗಳು ಬರುತ್ತವೆಯಾ ಅಂತ ಮೊದಲು ಕೇಳಿಕೊಳ್ಳಿ. ಬಿಇ ಮಕ್ಕಳ ಪ್ಲೇಸ್‌ಮೆಂಟ್ ಪಟ್ಟಿ ತೋರಿಸಿದರೆ ಒಪ್ಪಬೇಡಿ. ಎಂ.ಟೆಕ್ ಪಟ್ಟಿ ಬೇರೆ ಇರುತ್ತದೆ, ಅದನ್ನೇ ಕೇಳಿ. ಪಾಠ ಮಾಡುವ ಆಸೆ ಇದ್ದವರ ಮಾತು ಬೇರೆ. ಉಳಿದವರಿಗೆ ಇದು ಎರಡು ವರ್ಷ ತಡವಾಗಿ ಅದೇ ಪ್ರಶ್ನೆಯ ಮುಂದೆ ನಿಲ್ಲುವ ದಾರಿ.

ದುಡ್ಡಿನ ಲೆಕ್ಕ, ಕಾಗದದ ಮೇಲೆ

ಬಾಯಿಲೆಕ್ಕದಲ್ಲಿ ಎಲ್ಲರೂ ತಪ್ಪುವ ಜಾಗ ಇದು. ಒಂದು ಆಫರ್ ಲೆಟರ್ ಬಿಚ್ಚಿ ನೋಡೋಣ. ಸಿಟಿಸಿ, ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು, 4.5 ಲಕ್ಷ ಅಂತಿದೆ ಅಂದುಕೊಳ್ಳಿ. ಮನೆಯವರು 12ರಿಂದ ಭಾಗಿಸಿ ತಿಂಗಳಿಗೆ 37,500 ಅಂತ ಊರೆಲ್ಲ ಹೇಳಿಕೊಂಡು ಬಂದಿರುತ್ತಾರೆ. ಈಗ ಕೊನೆಯ ಪುಟದ ಟೇಬಲ್ ನೋಡಿ. ಅದರಲ್ಲಿ ವೇರಿಯಬಲ್ ಪೇ 45,000. ಅದು ವರ್ಷದ ಕೊನೆಗೆ, ಕಂಪನಿಗೂ ನಿಮಗೂ ವರ್ಷ ಚೆನ್ನಾಗಿ ಹೋದರೆ. ಕಂಪನಿ ಕಟ್ಟುವ ಪಿಎಫ್ ತಿಂಗಳಿಗೆ 1,800ರಂತೆ 21,600. ಗ್ರಾಚ್ಯುಟಿ ಸುಮಾರು 10,800. ವಿಮೆಗೆ ಒಂದು 6,000. ಇಷ್ಟು ಕಳೆದರೆ ಉಳಿಯುವುದು 3,66,600, ತಿಂಗಳಿಗೆ 30,550. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800, ವೃತ್ತಿ ತೆರಿಗೆ 200. ಕೈಗೆ ಬರುವುದು 28,550.

ಬೆಂಗಳೂರಿನಲ್ಲಿ ಪಿಜಿ, ಊಟ, ಓಡಾಟ, ಫೋನು, ಎರಡು ತಿಂಗಳಿಗೊಮ್ಮೆ ಊರಿಗೆ ಬರುವ ಖರ್ಚು, ಎಲ್ಲ ಸೇರಿ 18,000 ಅಂತ ಹಿಡಿಯಿರಿ. ಉಳಿತಾಯ ತಿಂಗಳಿಗೆ ಹತ್ತು ಸಾವಿರದ ಮೇಲೆ ಚೂರು. ಎರಡು ವರ್ಷಕ್ಕೆ ಎರಡೂವರೆ ಲಕ್ಷ.

ಈಗ ಆ ಕಡೆ. ಗೇಟ್ ಪಾಸಾಗಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. 24 ತಿಂಗಳಿಗೆ 2,97,600. ಐಐಟಿ, ಎನ್‌ಐಟಿಗಳಲ್ಲಿ ಅದಕ್ಕೆ ಬದಲಾಗಿ ಲ್ಯಾಬು, ಟ್ಯುಟೋರಿಯಲ್ಲು ಅಂತ ವಾರಕ್ಕೆ ಕೆಲವು ಗಂಟೆ ಕೆಲಸ ಮಾಡಬೇಕು. ಹಾಸ್ಟೆಲ್, ಮೆಸ್ ಖರ್ಚನ್ನು ಇದು ಬಹುಪಾಲು ಹೊರುತ್ತದೆ. ಫೀ ಬೇರೆ, ಅದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ.

ಹಾಗಾದರೆ ಎಂ.ಟೆಕ್‌ಗೆ ಹೋಗಿ ಕಳೆದುಕೊಂಡದ್ದು ಎಷ್ಟು? "ಎರಡು ವರ್ಷದ ಪ್ಯಾಕೇಜು, ಒಂಬತ್ತು ಲಕ್ಷ ಹೋಯ್ತು" ಅಂತ ಕಾಕಾ ಹೇಳುತ್ತಾರೆ. ನಿಜವಾಗಿ ಹೋದದ್ದು ಆ ಎರಡೂವರೆ ಲಕ್ಷದ ಉಳಿತಾಯ, ಅದರ ಮೇಲೆ ಫೀ, ಮತ್ತು ಪಿಎಫ್ ಖಾತೆಯಲ್ಲಿ ಸೇರುತ್ತಿದ್ದ ಒಂದಿಷ್ಟು. ಸಣ್ಣ ಮೊತ್ತವೇನಲ್ಲ, ಆದರೆ ಹೆದರಿದಷ್ಟು ದೊಡ್ಡದೂ ಅಲ್ಲ. ಸ್ಟೈಪೆಂಡ್ ಇಲ್ಲದೆ, ಫೀ ಕಟ್ಟಿ, ರೂಮು ಮಾಡಿಕೊಂಡು ಓದುವ ಎಂ.ಟೆಕ್‌ಗೆ ಈ ಸಮಾಧಾನ ಇಲ್ಲ. ಅಲ್ಲಿ ಎರಡೂ ಕಡೆಯಿಂದ ದುಡ್ಡು ಹೋಗುತ್ತದೆ.

ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಎಂ.ಟೆಕ್ ಆದ ಮೇಲೆ ಸಿಗುವ ಸಂಬಳವನ್ನು ಇವತ್ತಿನ 4.5 ಲಕ್ಷದ ಜೊತೆ ಇಟ್ಟು ನೋಡಬೇಡಿ. ಈಗ ನೌಕರಿಗೆ ಸೇರಿದರೆ ಎರಡು ವರ್ಷದ ಮೇಲೆ, ಒಂದು ಕಂಪನಿ ಬದಲಿಸಿ, ಎಷ್ಟಕ್ಕೆ ನಿಲ್ಲುತ್ತಿದ್ದಿರಿ ಅನ್ನುವುದರ ಜೊತೆ ಇಟ್ಟು ನೋಡಿ. ಅಲ್ಲಿ ವ್ಯತ್ಯಾಸ ಉಳಿದರೆ ಮಾತ್ರ ಅದು ಡಿಗ್ರಿಯ ಲಾಭ.

ಪಿಎಚ್‌ಡಿಗೆ ಮನಸ್ಸಿರುವವರಿಗೆ ಒಂದು ಮಾತು. ಒಳ್ಳೆಯ ಗೇಟ್ ಸ್ಕೋರ್ ಇದ್ದರೆ ಐಐಎಸ್ಸಿಯಂಥ ಕಡೆ ಬಿಇ ಆದ ಮೇಲೆ ನೇರವಾಗಿಯೂ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಕೇಂದ್ರದ ಫೆಲೋಶಿಪ್ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಮೇಲಿನ ಆಫರ್ ಲೆಟರ್‌ನ ಇನ್‌ಹ್ಯಾಂಡ್ ಜೊತೆ ಹೋಲಿಸಿ ನೋಡಿದರೆ ಎಷ್ಟೋ ಅಪ್ಪಂದಿರಿಗೆ ಆಶ್ಚರ್ಯವಾಗುತ್ತದೆ.

ಕಡಲಾಚೆ ಹೋಗುವವರ ಲೆಕ್ಕ

ಎಂಎಸ್‌ಗೆ ಹೊರಟವರ ಮನೆಯಲ್ಲಿ ಸಾಲದ ಮಾತು ಮೊದಲು ಬರುತ್ತದೆ. "ಹೊಲಾ ಒತ್ತಿ ಇಟ್ಟರಾತು ಬಿಡ ಯವ್ವಾ, ನೀ ಓದು" ಅಂತಾರೆ ರೋಣದ ಕಡೆಯ ಒಬ್ಬ ಅಪ್ಪ. ಮಾತೇನೋ ದೊಡ್ಡದು. ಆದರೆ ಶಿಕ್ಷಣ ಸಾಲಕ್ಕೆ ಬಹುತೇಕ ಬ್ಯಾಂಕುಗಳು ಸಾಗುವಳಿ ಜಮೀನನ್ನು ಅಡಮಾನವಾಗಿ ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ಜಪ್ತಿ ಮಾಡಲು ಅವಕ್ಕೆ ಬರುವುದಿಲ್ಲ, ಅದಕ್ಕೆ. ಅವರು ಕೇಳುವುದು ಊರೊಳಗಿನ ಮನೆ, ಇಲ್ಲವೇ ಎನ್‌ಎ (ಕೃಷಿಯೇತರ) ಆದ ಪ್ಲಾಟು. ಸಾಮಾನ್ಯವಾಗಿ 7.5 ಲಕ್ಷದವರೆಗೆ ಬ್ಯಾಂಕಿನಲ್ಲಿ ಅಡಮಾನ ಇಲ್ಲದೆ ಸಾಲ ಸಿಗಬಹುದು. ಅದರಾಚೆಗೆ ಆಸ್ತಿ ಬೇಕು. ಆಸ್ತಿ ಇಲ್ಲದೆ ದೊಡ್ಡ ಸಾಲ ಕೊಡುವ ಫೈನಾನ್ಸ್ ಕಂಪನಿಗಳು ಬಡ್ಡಿ ಜಾಸ್ತಿ ಹಾಕುತ್ತವೆ, ಜೊತೆಗೆ ಸಂಬಳದಾರರ ಸಹಿ ಕೇಳುತ್ತವೆ. ಆ ಸಹಿ ಬಹಳ ಸಲ ಸೋದರಮಾವನದ್ದು. ಅಲ್ಲಿಂದ ಸಾಲ ಇಬ್ಬರ ಮನೆಯದಾಗುತ್ತದೆ.

ಈಗ 40 ಲಕ್ಷ ಸಾಲ, ಬಡ್ಡಿ ಶೇ 11, ಹತ್ತು ವರ್ಷದ ಕಂತು ಅಂದುಕೊಳ್ಳಿ. ಮೊದಲ ವರ್ಷ 20 ಲಕ್ಷ, ಎರಡನೇ ವರ್ಷ 20 ಲಕ್ಷ ತೆಗೆದುಕೊಂಡಿರಿ. ಓದುವ ಎರಡು ವರ್ಷ, ಆಮೇಲಿನ ಆರು ತಿಂಗಳು ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ 20 ಲಕ್ಷಕ್ಕೆ ಎರಡೂವರೆ ವರ್ಷದ್ದು 5.5 ಲಕ್ಷ, ಎರಡನೆಯದಕ್ಕೆ ಒಂದೂವರೆ ವರ್ಷದ್ದು 3.3 ಲಕ್ಷ. ಕಂತು ಶುರುವಾಗುವ ದಿನ ಸಾಲ 48.8 ಲಕ್ಷ ಆಗಿರುತ್ತದೆ. ಕಂತು ತಿಂಗಳಿಗೆ ಸುಮಾರು 67,000.

ಅಮೆರಿಕದಲ್ಲಿ ಕೆಲಸ ಸಿಕ್ಕರೆ ಈ ಕಂತು ಸಂಬಳದ ಸಣ್ಣ ಪಾಲು. ಮೂರ್ನಾಲ್ಕು ವರ್ಷದಲ್ಲಿ ಸಾಲ ತೀರಿಸಿ, ಊರಲ್ಲಿ ಮನೆ ಕಟ್ಟಿಸಿದವರೂ ಇದ್ದಾರೆ. ಕೆಲಸ ಸಿಗದೆ ವಾಪಸ್ ಬಂದು ಬೆಂಗಳೂರಿನಲ್ಲಿ 8 ಲಕ್ಷದ ನೌಕರಿ ಹಿಡಿದರೆ? ಆ 8 ಲಕ್ಷವನ್ನು ಒಂದು ರೂಪಾಯಿಯೂ ಕಡಿಯದೆ 12ರಿಂದ ಭಾಗಿಸಿದರೂ 66,667. ಕಂತಿಗೂ ಸಾಲದು. ಹಾಗಾಗಿ ಎಂಎಸ್‌ಗೆ ಹೋಗುವಾಗ ಒಳ್ಳೆಯದಾದರೆ ಎಷ್ಟು ಗಳಿಸುತ್ತೇನೆ ಅಂತ ಲೆಕ್ಕ ಹಾಕುವುದು ಅರ್ಧ ಲೆಕ್ಕ. ಬರಿಗೈಯಲ್ಲಿ ವಾಪಸ್ ಬಂದರೆ ಮನೆ ಉಳಿಯುತ್ತದಾ ಅನ್ನುವುದು ಉಳಿದ ಅರ್ಧ. ಕನ್ಸಲ್ಟೆನ್ಸಿಯವರು ಮೊದಲರ್ಧ ಮಾತ್ರ ಹೇಳುತ್ತಾರೆ. ಅವರ ಕೆಲಸ ಅದು.

ವಾಪಸ್ ಬರುವ ಸಾಧ್ಯತೆ ಬರೀ ಬುದ್ಧಿಯ ಮೇಲೆ ನಿಂತಿಲ್ಲ. ಅಮೆರಿಕದಲ್ಲಿ ಓದಿದ ಮೇಲೆ ಒಪಿಟಿ ಅಂತ ಒಂದು ವರ್ಷ ಕೆಲಸ ಮಾಡಬಹುದು. ಇಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಅದರೊಳಗೆ ಎಚ್-1ಬಿ ಅನ್ನುವ ಕೆಲಸದ ವೀಸಾ ಸಿಗಬೇಕು. ವರ್ಷಕ್ಕೆ ಅದರ ಮಿತಿ 85,000. ಅದರಲ್ಲಿ 20,000 ಅಮೆರಿಕದಲ್ಲೇ ಮಾಸ್ಟರ್ಸ್ ಅಥವಾ ಅದಕ್ಕೂ ಮೇಲೆ ಓದಿದವರಿಗೆ. ಅರ್ಜಿಗಳು ಇದಕ್ಕಿಂತ ಎಷ್ಟೋ ಪಟ್ಟು ಬರುವುದರಿಂದ ಎಲ್ಲರ ಹೆಸರೂ ಆಯ್ಕೆಯಲ್ಲಿ ಬರುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಅಲ್ಲೇ ಓದಿ ವೀಸಾ ಬದಲಿಸಿಕೊಳ್ಳುವವರಿಗೆ ಅದು ತಾಗುವುದಿಲ್ಲ ಅಂತ ಮುಂದಿನ ತಿಂಗಳು ಸ್ಪಷ್ಟನೆಯೂ ಬಂತು. ಆದರೆ ಎರಡು ವರ್ಷದ ಮೇಲೆ ನಿಯಮ ಹೀಗೇ ಇರುತ್ತದೆ ಅಂತ ಯಾರೂ ಬರೆದುಕೊಡಲಾರರು.

ಜರ್ಮನಿಯ ಲೆಕ್ಕವೇ ಬೇರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ತೆಗೆದುಕೊಳ್ಳುತ್ತಿದೆ. ಒಂದು ವರ್ಷದ ಜೀವನ ವೆಚ್ಚಕ್ಕೆ 11,904 ಯೂರೋವನ್ನು ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಟ್ಟು ತೋರಿಸಬೇಕು, ನಮ್ಮ ಅಂಕಪಟ್ಟಿಗಳು ಅಸಲಿ ಅಂತ ಹೇಳುವ ಎಪಿಎಸ್ ಸರ್ಟಿಫಿಕೇಟ್ ಮಾಡಿಸಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಸಾಲ ಕಡಿಮೆ, ಭಾಷೆಯ ಕಷ್ಟ ಜಾಸ್ತಿ. ಕ್ಲಾಸು ಇಂಗ್ಲಿಷಿನಲ್ಲಿದ್ದರೂ ಕೆಲಸ ಹುಡುಕುವಾಗ ಜರ್ಮನ್ ಬೇಕಾಗುತ್ತದೆ. ಮೆಕ್ಯಾನಿಕಲ್, ಆಟೊಮೊಬೈಲ್ ಮಕ್ಕಳು ಇದನ್ನು ಅಮೆರಿಕಕ್ಕಿಂತ ಮೊದಲೇ ಯೋಚಿಸಬೇಕು ಅಂತ ನನ್ನ ಅನಿಸಿಕೆ.

ಕಾಯುವುದು, ಕಾಯದಿರುವುದು

ಎಂ.ಟೆಕ್ ಕಾಯುತ್ತದೆ. ಗೇಟ್‌ಗೆ ವಯಸ್ಸಿನ ಮಿತಿ ಇಲ್ಲ. ಒಂದು ಸಲ ಬಂದ ಸ್ಕೋರ್ ಮೂರು ವರ್ಷ ಓಡುತ್ತದೆ. ಅಂದರೆ ಕೊನೆಯ ವರ್ಷ ಗೇಟ್ ಬರೆದು ಒಳ್ಳೆಯ ಸ್ಕೋರ್ ಇಟ್ಟುಕೊಂಡು, ನೌಕರಿಗೆ ಸೇರಿ, ಹಿಡಿಸದಿದ್ದರೆ ಅದೇ ಸ್ಕೋರಿನಲ್ಲಿ ಮುಂದಿನ ವರ್ಷ ಎಂ.ಟೆಕ್‌ಗೆ ಅರ್ಜಿ ಹಾಕಬಹುದು. ಸರ್ಕಾರಿ ಕಂಪನಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವು ಹೆಚ್ಚಾಗಿ ತಾವು ಹೇಳಿದ ವರ್ಷದ ಗೇಟ್ ಸ್ಕೋರನ್ನೇ ನೋಡುತ್ತವೆ, ವಯಸ್ಸಿನ ಮಿತಿಯೂ ಇದೆ.

ಫ್ರೆಶರ್ ಅನ್ನುವ ಹಣೆಪಟ್ಟಿ ಕಾಯುವುದಿಲ್ಲ. ಕಂಪನಿಗಳು ಇಂಥ ವರ್ಷ ಪಾಸಾದ ಬ್ಯಾಚು ಮಾತ್ರ ಅಂತ ಬರೆದೇ ಕರೆಯುತ್ತವೆ. ಕ್ಯಾಂಪಸ್ ಪ್ಲೇಸ್‌ಮೆಂಟ್ ಬಿಇಗೆ ಒಂದೇ ಸಲ. ಹಾಗಾಗಿ ಕೈಯಲ್ಲಿ ಒಳ್ಳೆಯ ಆಫರ್ ಇದ್ದು, ಮುಂದೆ ಓದುವ ವಿಷಯ ಇನ್ನೂ ಗಟ್ಟಿಯಾಗಿಲ್ಲ ಅಂದರೆ, ನಾನಾದರೆ ನೌಕರಿಗೆ ಹೋಗು ಅನ್ನುತ್ತೇನೆ. ಏನು ಓದಬೇಕು ಅಂತ ಗೊತ್ತಿಲ್ಲದೆ ಓದಲು ಹೋಗುವುದಕ್ಕಿಂತ, ಕೆಲಸ ನೋಡಿ ಯಾವುದು ಬೇಡ ಅಂತ ತಿಳಿದುಕೊಂಡರೂ ಅದು ಲಾಭವೇ.

ಪ್ರೊಫೆಸರ್‌ಗಳ ನೆನಪೂ ಕಾಯುವುದಿಲ್ಲ. ಹೊರದೇಶದ ಅರ್ಜಿಗೆ ಬೇಕಾದ ರೆಕಮೆಂಡೇಶನ್ ಲೆಟರನ್ನು ಮೂರು ವರ್ಷ ಬಿಟ್ಟು ಕೇಳಲು ಹೋದರೆ "ನೀ ಯಾವ ಬ್ಯಾಚು?" ಅಂತ ಕೇಳುತ್ತಾರೆ. ಮುಂದೆ ಯಾವತ್ತಾದರೂ ಎಂಎಸ್ ಮಾಡುವ ಯೋಚನೆ ಇದ್ದವರು ಪ್ರಾಜೆಕ್ಟ್ ಗೈಡ್ ಜೊತೆ ಸಂಪರ್ಕ ಬಿಡಬಾರದು.

ಕಾಗದದ ಮೇಲೆ ಕಾಯುತ್ತೆ ಅಂದದ್ದೆಲ್ಲ ಮನೆಯಲ್ಲಿ ಕಾಯುವುದಿಲ್ಲ. ಸಂಬಳ ಕೈಗೆ ಬರಲು ಶುರುವಾದ ಮೇಲೆ 12,400ಕ್ಕೆ ಇಳಿಯಲು ಮನಸ್ಸು ಒಪ್ಪುವುದಿಲ್ಲ. ಬೈಕಿನ ಕಂತು, ತಮ್ಮನ ಫೀ, ಅಪ್ಪನ ಬೋರ್‌ವೆಲ್ ಸಾಲ ಆ ಸಂಬಳಕ್ಕೆ ಹೊಂದಿಕೊಂಡಿರುತ್ತವೆ. ಹುಡುಗಿಯರ ಮನೆಯಲ್ಲಿ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. "ಓದೂದು ಮುಗೀಲಿ, ಆಮ್ಯಾಲ ನೋಡೂಣು" ಅಂತ ಸಂಬಂಧದವರನ್ನು ತಡೆದಿಟ್ಟ ಅಪ್ಪ ಅವ್ವ, ನೌಕರಿ ಸಿಕ್ಕಿತು ಅಂದ ಕೂಡಲೇ ಗಂಡು ನೋಡಲು ಶುರು ಮಾಡುತ್ತಾರೆ. ಎಷ್ಟೋ ಹುಡುಗಿಯರಿಗೆ ಎಂ.ಟೆಕ್ ಅಂದರೆ ಆ ಎರಡು ವರ್ಷದ ಬಿಡುವೂ ಹೌದು. ಕರಿಯರ್ ಗೈಡೆನ್ಸ್ ಭಾಷಣಗಳಲ್ಲಿ ಇದು ಬರುವುದಿಲ್ಲ, ಆದರೆ ಹಾಸ್ಟೆಲ್ ರೂಮುಗಳಲ್ಲಿ ಬರುವ ಮೊದಲ ಮಾತು ಇದೇ. ಅವರ ಲೆಕ್ಕ ತಪ್ಪು ಅಂತ ನಾನಂತೂ ಹೇಳಲಾರೆ.

ಯಾರೂ ಆರಿಸದ ಮೂರನೇ ದಾರಿ

ನೌಕರಿಯೂ ಅಲ್ಲದ, ಓದೂ ಅಲ್ಲದ ಒಂದು ದಾರಿ ಇದೆ. ಅದನ್ನು ಯಾರೂ ಬೇಕಂತ ಆರಿಸುವುದಿಲ್ಲ, ಆದರೆ ತುಂಬ ಜನ ಅದರಲ್ಲೇ ಇದ್ದಾರೆ. ತಯಾರಿ. ಧಾರವಾಡದ ಸಪ್ತಾಪುರದಲ್ಲಿ ಒಂದು ಸಂಜೆ ಓಡಾಡಿ ನೋಡಿ. ಕೋಚಿಂಗ್ ಬೋರ್ಡುಗಳು, ಲೈಬ್ರರಿ ರೀಡಿಂಗ್ ರೂಮುಗಳು, ಕೈಯಲ್ಲಿ ನೋಟ್ಸ್ ಹಿಡಿದ ಹುಡುಗ ಹುಡುಗಿಯರು. ಕೆಎಎಸ್, ಪಿಎಸ್‌ಐ, ಪಿಡಿಒಗೆ ಓದುವವರ ಸಾಲಿನಲ್ಲಿ ಬಿಇ ಮುಗಿಸಿದವರೂ ಸಾಕಷ್ಟು ಇದ್ದಾರೆ. ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಯಾವಾಗ ನಡೆಯುತ್ತದೆ, ಕೋರ್ಟಿಗೆ ಹೋಗದೆ ಪಟ್ಟಿ ಹೊರಬೀಳುತ್ತದಾ, ಯಾವುದೂ ಅವರ ಕೈಯಲ್ಲಿಲ್ಲ.

ಗೇಟ್‌ಗೆ ಆ ಅನಿಶ್ಚಿತತೆ ಇಲ್ಲ. ಪ್ರತಿ ವರ್ಷ ಫೆಬ್ರವರಿಯಲ್ಲಿ ಪರೀಕ್ಷೆ, ಮಾರ್ಚ್‌ನಲ್ಲಿ ಫಲಿತಾಂಶ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದಕ್ಕಾಗಿ ಒಂದು ವರ್ಷ ಮನೆಯಲ್ಲಿ ಕೂತು ಓದುತ್ತೇನೆ ಅಂದರೆ ಒಪ್ಪಬಹುದು. ಎರಡನೇ ವರ್ಷವೂ ಅದೇ ಅಂದರೆ, ಜೊತೆಗೆ ಒಂದು ಸಣ್ಣ ನೌಕರಿಯಾದರೂ ಹಿಡಿಯಿರಿ. ರೆಸ್ಯೂಮೆಯಲ್ಲಿ ಒಂದು ವರ್ಷದ ಗ್ಯಾಪ್‌ಗೆ ಕಾರಣ ಹೇಳಬಹುದು. ಮೂರು ವರ್ಷದ ಗ್ಯಾಪ್‌ಗೆ ಹೇಳಿದ ಕಾರಣವನ್ನು ಎಚ್‌ಆರ್ ನಂಬುವುದಿಲ್ಲ.

ದಿನಾಂಕಗಳು

ಫಲಿತಾಂಶ ಬಂದ ಮೇಲೆ ಯೋಚಿಸೋಣ ಅಂದರೆ ತಡವಾಯಿತು ಅಂತಲೇ ಅರ್ಥ. ಆರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಒಂದು ಅಂದಾಜು ಇರಬೇಕು. ಕ್ಯಾಂಪಸ್ ಶುರುವಾಗುವುದು ಏಳನೇ ಸೆಮಿಸ್ಟರ್‌ಗೆ, ಕೆಲವು ಕಡೆ ಅದಕ್ಕೂ ಮೊದಲು. ಗೇಟ್ ಅರ್ಜಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಅಮೆರಿಕದ ವಿಶ್ವವಿದ್ಯಾಲಯಗಳ ಗಡುವು ಹೆಚ್ಚಾಗಿ ಡಿಸೆಂಬರ್-ಜನವರಿ. ಮೂರನೇ ವರ್ಷದಲ್ಲಿರುವವರೂ ಗೇಟ್ ಬರೆಯಬಹುದು ಅನ್ನುವುದು ಇನ್ನೂ ಬಹಳ ಮಂದಿಗೆ ಗೊತ್ತಿಲ್ಲ. ಆ ಸ್ಕೋರೂ ಮೂರು ವರ್ಷ ನಡೆಯುತ್ತದೆ.

ಈ ಕ್ಯಾಲೆಂಡರ್‌ನಲ್ಲಿ ಒಂದು ಅನುಕೂಲವೂ ಇದೆ. ಕ್ಯಾಂಪಸ್ ಆಫರ್ ಕೊನೆಯ ವರ್ಷದಲ್ಲೇ ಸಿಗುತ್ತದೆ, ಜಾಯ್ನಿಂಗ್ ಬಿಇ ಮುಗಿದ ಮೇಲೆ. ನಡುವೆ ಗೇಟ್ ಫಲಿತಾಂಶ ಬಂದು, ಎಂ.ಟೆಕ್ ಸೀಟು ಹಂಚುವ ಐಐಟಿಗಳ ಕೋಆಪ್, ಎನ್‌ಐಟಿಗಳ ಸಿಸಿಎಂಟಿ ಸುತ್ತುಗಳು ಮೇನಿಂದ ಜುಲೈವರೆಗೆ ನಡೆಯುತ್ತವೆ. ಅಂದರೆ ಎರಡನ್ನೂ ಕೈಯಲ್ಲಿಟ್ಟುಕೊಂಡು ತೂಗಿ ನೋಡಲು ಸಮಯ ಸಿಗುತ್ತದೆ. ಆದರೆ ಸೇರಿದ ಮೇಲೆ ಬಿಡುವುದಾದರೆ ಬಾಂಡ್ ನೋಡಿಕೊಳ್ಳಿ. ವರ್ಷವೋ ಎರಡು ವರ್ಷವೋ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಕಟ್ಟಬೇಕು ಅಂತ ಸಹಿ ಹಾಕಿಸಿಕೊಳ್ಳುವ ಕಂಪನಿಗಳಿವೆ. ಮೂಲ ಅಂಕಪಟ್ಟಿ ಕೇಳುವ ಕಂಪನಿ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಲು ಆಗದವರಿಗೆ ನಡುವಿನ ದಾರಿಯೂ ಇದೆ. ಬಿಟ್ಸ್ ಪಿಲಾನಿಯ ವಿಲ್ಪ್ ಕಾರ್ಯಕ್ರಮದಲ್ಲಿ ನೌಕರಿ ಮಾಡುತ್ತಲೇ ಎಂ.ಟೆಕ್ ಮಾಡಿದವರು ಬೆಂಗಳೂರಿನ ಕಂಪನಿಗಳಲ್ಲಿ ತುಂಬ ಇದ್ದಾರೆ. ಐಐಎಸ್ಸಿಯೂ 2022ರಿಂದ ಕೆಲಸದಲ್ಲಿರುವವರಿಗೆ ಆನ್‌ಲೈನ್ ಎಂ.ಟೆಕ್ ಶುರು ಮಾಡಿದೆ. ವಿಷಯ ಕಲಿಯಲು ಇವು ಚೆನ್ನ. ಕ್ಯಾಂಪಸ್ ಪ್ಲೇಸ್‌ಮೆಂಟ್ ಇಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಒಬ್ಬರನ್ನು ಕೇಳಲೇಬೇಕು. ಗಣೇಶ ಚೌತಿಗೆ, ದೀಪಾವಳಿಗೆ ಬೆಂಗಳೂರು-ಪುಣೆಯಿಂದ ಊರಿಗೆ ಬಂದಿರುತ್ತಾರಲ್ಲ, ನಿಮ್ಮದೇ ಬ್ರ್ಯಾಂಚಿನ, ನಾಲ್ಕೈದು ವರ್ಷ ದೊಡ್ಡ ಅಕ್ಕನೋ ಅಣ್ಣನೋ. ಅವರನ್ನು ಉಣಕಲ್ ಕೆರೆ ಕಡೆ ಕರೆದುಕೊಂಡು ಹೋಗಿ ಕೂರಿಸಿ. "ಎಂ.ಟೆಕ್ ಮಾಡ್ಲ್ಯೋ ಬ್ಯಾಡೋ" ಅಂತ ಕೇಳಬೇಡಿ. ಹಾಗೆ ಕೇಳಿದರೆ ತಾವು ಮಾಡಿದ್ದೇ ಸರಿ ಅಂತ ಹೇಳುತ್ತಾರೆ. "ನಿಮ್ಮ ಟೀಮಿನ್ಯಾಗ ಎಂ.ಟೆಕ್ ಮಾಡಿದವರು ಎಷ್ಟ್ ಮಂದಿ ಅದಾರ? ಅವರ ಕೆಲಸ ನಿಮ್ಮ ಕೆಲಸಕ್ಕಿಂತ ಬ್ಯಾರೆ ಐತೇನ್ರಿ?" ಅಂತ ಕೇಳಿ.